ಮೂರನೇ ರಾಡಿನ ಬೋಲ್ಟ್

ನನ್ನ ಶೆಡ್ಡಿನ ಬಾಗಿಲಲ್ಲಿ ಕೌಕೊ ಒಂದು ಗಳಿಗೆ ನಿಂತು, ಮೂಗರಳಿಸಿ ಉಸಿರೆಳೆದುಕೊಂಡ.

"ಅದೇ ವಾಸನೆ ಕಣೋ ವೇಯೊ. ನಲವತ್ತು ವರ್ಷದಲ್ಲಿ ಒಂದ್ಸಲನಾದ್ರೂ ಕಸ ಗುಡಿಸಿದೀಯೇನೋ?"

"ಗುಡಿಸಿದ್ರೆ ನಿಂಗೆ ಗುರುತು ಸಿಗಲ್ಲ ಅಂತ ಬಿಟ್ಟಿದ್ದೆ."

ಅವನ ಹಿಂದೆಯೇ ಅವನ ತಂಗಿ ಔಲಿಕ್ಕಿ, ಕಾಫಿ ಫ್ಲಾಸ್ಕೂ ಏಲಕ್ಕಿ ಬನ್ನಿನ ಪೊಟ್ಟಣವೂ ಹಿಡಿದು ಬಂದಳು. ನಾವು ಮೂವರೂ ಎಪ್ಪತ್ತರ ಆಸುಪಾಸಿನವರು. ಒಂದು ಕಾಲದಲ್ಲಿ ನಮ್ಮೂರು ಯಾಮ್ಸಾದ ಸುತ್ತಿನ ಕಾಡುದಾರಿಗಳಲ್ಲಿ ನಮ್ಮದೊಂದು ಕಾರು ರ‍್ಯಾಲಿ ತಂಡವಿತ್ತು. ಕೌಕೊ ಕಾರು ಓಡಿಸುತ್ತಿದ್ದ. ಔಲಿಕ್ಕಿ ಪಕ್ಕದಲ್ಲಿ ಕೂತು, ಮುಂದಿನ ತಿರುವುಗಳನ್ನು ಬರೆದಿಟ್ಟ ಪುಸ್ತಕ ಓದಿ ಹೇಳುತ್ತಿದ್ದಳು. ಇಂಜಿನ್ ಕಟ್ಟುವುದು ನನ್ನ ಕೆಲಸ. ಆಗಸ್ಟ್ ಬಂತೆಂದರೆ ಬರ್ಚ್ ಮರಗಳ ನಡುವೆ ಕೆಂಪು ಧೂಳು, ಬೆಂಕಿಯ ಮೇಲೆ ಚಟಪಟ ಅನ್ನುವ ಸಾಸೇಜು, ಎಲ್ಲೋ ದೂರದಿಂದ ಹತ್ತಿರವಾಗುತ್ತ ಬರುವ ನಮ್ಮ ಇಂಜಿನ್ನಿನ ಕೂಗು. ಜನರ ಗುಂಪಿನಲ್ಲಿ ಕಣ್ಣು ಮುಚ್ಚಿ ನಿಂತರೂ ಅದು ನಮ್ಮದೇ ಎಂದು ನನಗೆ ಗೊತ್ತಾಗುತ್ತಿತ್ತು.

೧೯೭೯ರಲ್ಲಿ ಅದು ಮುಗಿಯಿತು. ಕೊನೆಯ ದಿನ, ಇನ್ನು ಹನ್ನೊಂದು ಕಿಲೋಮೀಟರ್ ಉಳಿದಿರುವಾಗ, ನಾವೇ ಮುಂದಿರುವಾಗ, ಮೂರನೇ ಪಿಸ್ಟನ್ನಿನ ರಾಡು ಮುರಿದು ಇಂಜಿನ್ನಿನ ಗೋಡೆಯನ್ನೇ ಸೀಳಿಕೊಂಡು ಹೊರಬಂತು. ಕೌಕೊ ಗೇರ್ ತಪ್ಪಿ ಹಾಕಿ ಇಂಜಿನ್ನನ್ನು ಅತಿಯಾಗಿ ತಿರುಗಿಸಿದ ಎಂದು ಎಲ್ಲರೂ ಆಡಿಕೊಂಡರು. "ತಪ್ಪಿಲ್ಲ" ಎಂದು ಅವನು ಹೇಳಿದ. ಔಲಿಕ್ಕಿಯೂ ಹೇಳಿದಳು. ತಂಗಿ ಇನ್ನೇನು ಹೇಳುತ್ತಾಳೆ ಎಂದು ಜನ ನಕ್ಕರು. ಮುಂದಿನ ವರ್ಷ ಕಾರಿನ ಯಜಮಾನ ಬೇರೆ ಚಾಲಕನನ್ನು ಕೂರಿಸಿದ. ಕೌಕೊ ಮೂವತ್ತು ವರ್ಷ ಮರದ ದಿಮ್ಮಿಗಳ ಲಾರಿ ಓಡಿಸಿ ನಿವೃತ್ತನಾದ.

ಕಳೆದ ಚಳಿಗಾಲದಲ್ಲಿ ಯಜಮಾನ ತೀರಿಕೊಂಡ. ಅವನ ಮಗಳು ಕೊಟ್ಟಿಗೆಯಲ್ಲಿದ್ದ ಕಾರನ್ನು ಔಲಿಕ್ಕಿಗೆ ಕೊಟ್ಟಳು. ಕಾರಿನಲ್ಲಿ ಇಂಜಿನ್ ಇರಲಿಲ್ಲ. ಒಡೆದ ಆ ಹಳೆಯ ಇಂಜಿನ್ ಮಾತ್ರ ನನ್ನ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು.

ಕಾರನ್ನು ಮತ್ತೆ ಓಡಿಸುವುದೆಂದು ಮೂವರೂ ಒಪ್ಪಿದೆವು. ಹಳೆಯದರ ಗೋಡೆ ಒಡೆದಿದ್ದರಿಂದ ಗುಜರಿಯಿಂದ ಇನ್ನೊಂದು ಬ್ಲಾಕ್, ಅಂದರೆ ಇಂಜಿನ್ನಿನ ಖಾಲಿ ಒಡಲು, ತಂದೆ. ಅದರೊಳಗೆ ಏನೇನು ಹಾಕಬೇಕು ಎಂದು ನಿರ್ಧರಿಸಲು ಅವತ್ತು ಕೂತೆವು. ಮೇಜಿನ ಮೇಲೆ ಮೂರು ಬಗೆಯ ಪಿಸ್ಟನ್ ಸಾಲಾಗಿಟ್ಟಿದ್ದೆ. ಕೌಕೊ ಹುಡುಕಿ ಎತ್ತಿಕೊಂಡದ್ದು ತಲೆ ಉಬ್ಬಿದ್ದನ್ನು.

"ಇದೇ. ಅವತ್ತಿಂದೇ ಬೇಕು ನಂಗೆ."

"ಅದು ಪೆಟ್ರೋಲು ಗಾಳಿನ ಜಾಸ್ತಿ ಹಿಂಡುತ್ತೆ ಕಣೋ. ಅವತ್ತಿನ ಪೆಟ್ರೋಲು ಈಗೆಲ್ಲಿದೆ? ಬಂಕಲ್ಲಿ ಸಿಗೋದನ್ನ ಹಾಕಿದ್ರೆ ಒಳಗೆ ಟಕಟಕ ಅಂತ ಹೊಡ್ಕೊಂಡು ವಾರದಲ್ಲಿ ತೂತಾಗುತ್ತೆ. ಈ ತಲೆ ಚಪ್ಪಟೆ ಇರೋದು ತಗೋ. ಎರಕದ್ದಲ್ಲ, ಕುಟ್ಟಿ ಮಾಡಿರೋದು. ತಣ್ಣಗಿದ್ದಾಗ ಸ್ವಲ್ಪ ಗಲಗಲ ಅನ್ನುತ್ತೆ. ಬಿಸಿಯಾದ್ಮೇಲೆ ಸರಿಹೋಗುತ್ತೆ."

"ನಿನ್ನ ಮಂಡಿ ತರ," ಅಂದಳು ಔಲಿಕ್ಕಿ.

"ಮುದುಕರ ಇಂಜಿನ್ ಮಾಡ್ಕೊಡ್ತೀನಿ ಅಂತ ಹೇಳ್ಬಿಡು," ಎಂದು ಕೌಕೊ ಗೊಣಗಿದ. "ಕ್ಯಾಮ್ ಶಾಫ್ಟೂ ಸೌಮ್ಯವಾದ್ದೇ ಹಾಕ್ತೀಯೇನೋ!"

ವಾಲ್ವುಗಳನ್ನು ಎಷ್ಟು ಹೊತ್ತು ತೆರೆದಿಡಬೇಕೆಂದು ಹೇಳುವುದು ಕ್ಯಾಮ್ ಶಾಫ್ಟು. ನಮ್ಮ ಹಳೆಯದು ಬಲು ಒರಟು. ನಿಮಿಷಕ್ಕೆ ಐದು ಸಾವಿರ ಸುತ್ತಿನವರೆಗೆ ಕ್ಷಯ ಬಂದವರಂತೆ ಕೆಮ್ಮುತ್ತ, ಆಮೇಲೆ ಒಮ್ಮೆಲೇ ಗಂಟಲು ಬಿಚ್ಚುತ್ತಿತ್ತು.

ಕೌಕೊ ಎದ್ದು ಟಾರ್ಪಾಲು ಎಳೆದ. "ಕ್ರ್ಯಾಂಕು ಉಳಿದಿದೆಯಾ ನೋಡೋಣ. ಉಳಿದಿದ್ರೆ ಸಾಣೆ ಹಿಡಿಸಿ ಹಾಕ್ಬೋದು."

"ಅದನ್ನ ನಾನು ಬಿಚ್ತೀನಿ, ಬಿಡು."

"ನಂಗೂ ಕೈಯಿದೆ."

ತಡೆಯಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಇಂಜಿನ್ ಮಗುಚಿ ಕೆಳಗಿನ ತಟ್ಟೆ ಬಿಚ್ಚಿದ. ಮುರಿದ ರಾಡಿನ ಅರ್ಧ ಅಲ್ಲೇ ಬಿದ್ದಿತ್ತು. ಅದರ ಎರಡು ಬೋಲ್ಟುಗಳಲ್ಲಿ ಒಂದು ತುಂಡಾಗಿತ್ತು. ಇನ್ನೊಂದನ್ನು ಅವನು ಚಿಂದಿಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದ.

ಬೋಲ್ಟನ್ನು ಪ್ರತಿ ಸಲ ಬಿಗಿದಾಗಲೂ ಅದರ ತಲೆಯ ಮೇಲೆ ಒಂದು ಚುಕ್ಕೆ ಕುಟ್ಟುವುದು ನನ್ನ ಅಭ್ಯಾಸ. ರಾಡಿನ ಬೋಲ್ಟಿಗೆ ಒಂದೇ ಚುಕ್ಕೆ ಇರಬೇಕು. ಒಮ್ಮೆ ಬಿಗಿದರೆ ಅದು ಹಿಗ್ಗಿಬಿಡುತ್ತದೆ, ಬಿಚ್ಚಿದ ಮೇಲೆ ಎಸೆಯಬೇಕು. ಇದು ಕೌಕೊಗೂ ಗೊತ್ತಿತ್ತು.

"ಎರಡು ಚುಕ್ಕೆ ಇದೆಯಲ್ಲೋ," ಅಂದ.

"ಹೂಂ."

"ಹೊಸದು ಹಾಕಿದೀನಿ ಅಂದಿದ್ದೆ."

"ಹೊಸದು ಬಂದಿರ್ಲಿಲ್ಲ. ಶುಕ್ರವಾರ ರ‍್ಯಾಲಿ, ಬುಧವಾರ ಆದ್ರೂ ಪಾರ್ಸೆಲ್ ಬರ್ಲಿಲ್ಲ. ಮೂರನೇದಕ್ಕೆ ಮಾತ್ರ ಹಳೇದು ಹಾಕಿದೆ. ತಡಕೊಳ್ಳುತ್ತೆ ಅಂದ್ಕೊಂಡೆ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಲವತ್ತು ವರ್ಷ ಗಂಟಲಲ್ಲಿದ್ದದ್ದು ಹೊರಟ ಮೇಲೆ ಪೂರ್ತಿ ಬಂತು. "ಆಮೇಲೆ ಯಜಮಾನ ನನ್ನ ಕೇಳಿದ, ಗೇರ್ ತಪ್ಪಿರಬಹುದಾ ಅಂತ. ಇರಬಹುದು ಅಂದೆ."

ಕೌಕೊ ಬೋಲ್ಟನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಕೈ ಒರೆಸಿಕೊಂಡ, ಒಂದೊಂದೇ ಬೆರಳು. ಆಮೇಲೆ ಟೋಪಿ ಹಾಕಿಕೊಂಡು ಹೊರಟುಹೋದ. ಔಲಿಕ್ಕಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, "ಅಯ್ಯೋ ವೇಯೊ, ಒಂದೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ," ಅಂದಳು. ಬನ್ನಿನ ಪೊಟ್ಟಣವನ್ನೂ ತೆಗೆದುಕೊಂಡು ಹೋದಳು.

ಒಂಬತ್ತು ದಿನ ಯಾರೂ ಬರಲಿಲ್ಲ. ನಾನು ಯಾವ ಸಾಮಾನನ್ನೂ ತರಿಸಲಿಲ್ಲ. ಪಿಸ್ಟನ್‌ಗಳ ಮೇಲೆ ಬಟ್ಟೆ ಮುಚ್ಚಿ ಸುಮ್ಮನೆ ಕೂತಿರುತ್ತಿದ್ದೆ.

ಹತ್ತನೆಯ ದಿನ ಬೆಳಿಗ್ಗೆ ಕೌಕೊ ಒಬ್ಬನೇ ಬಂದ. ಕೂರಲಿಲ್ಲ.

"ನಿಂಗೆ ಗೊತ್ತಾ," ಅಂದ, "ಮೊದಮೊದಲು ನಾನು ತಪ್ಪಿಲ್ಲ ಅಂತ ಖಂಡಿತ ಗೊತ್ತಿತ್ತು. ಎಲ್ರೂ ಹೇಳಿ ಹೇಳಿ, ಐದಾರು ವರ್ಷ ಆದ್ಮೇಲೆ ನಂಗೇ ಅನುಮಾನ ಬಂತು. ಲಾರಿಯಲ್ಲಿ ಒಬ್ನೇ ಹೋಗ್ತಾ ಆ ತಿರುವನ್ನ ಸಾವಿರ ಸಲ ನೆನಪು ಮಾಡ್ಕೊಂಡಿದೀನಿ. ಕೊನೆಗೆ ನೆನಪಲ್ಲೂ ಕೈ ತಪ್ಪಕ್ಕೆ ಶುರುವಾಯ್ತು. ನನ್ನ ಕೈಯನ್ನೇ ನಾನು ನಂಬಲಿಲ್ಲ ಕಣೋ. ಬೋಲ್ಟಿಗೆ ಕ್ಷಮೆ ಇದೆ. ಇದಕ್ಕೆ ಏನ್ ಮಾಡ್ಲಿ?"

"ನೀನು ಹೇಳಿದ್ದು ಮಾಡ್ತೀನಿ," ಅಂದೆ.

"ರ‍್ಯಾಲಿ ಕ್ಲಬ್ಬಲ್ಲಿ ಆ ಕಾಲದೋರು ಇನ್ನೂ ಆರು ಜನ ಬದುಕಿದಾರೆ. ಅವರಿಗೆ ಹೇಳು."

ಗುರುವಾರ ಕ್ಲಬ್ಬಿನ ಕಾಫಿಗೆ ಹೋಗಿ ಎದ್ದು ನಿಂತೆ. ಬೋಲ್ಟು, ಚುಕ್ಕೆ, 'ಇರಬಹುದು' ಎಲ್ಲವನ್ನೂ ಹೇಳಿದೆ. ಮುಗಿಸಿ ಕೂರುವಷ್ಟರಲ್ಲಿ ಮೂಲೆಯಿಂದ ಆ ಆರರಲ್ಲೊಬ್ಬನಾದ ಆರ್ಮಸ್, "ಏನಂದ? ನನ್ನ ಕಿವಿಗೆ ಬೀಳ್ಲಿಲ್ಲ!" ಎಂದು ಕೂಗಿದ. ಮತ್ತೆ ಎದ್ದು, ಎರಡರಷ್ಟು ಗಟ್ಟಿಯಾಗಿ, ಮೊದಲಿಂದ ಹೇಳಿದೆ. ಅಡಿಗೆಮನೆಯಲ್ಲಿದ್ದವರೂ ಬಾಗಿಲಿಗೆ ಬಂದು ಕೇಳಿಸಿಕೊಂಡರು. ಕೌಕೊ ಕಿಟಕಿಯಾಚೆ ನೋಡುತ್ತ ಕೂತಿದ್ದ. ಆರ್ಮಸ್ ಕೋಲೂರಿಕೊಂಡು ಅವನ ಹತ್ತಿರ ಹೋಗಿ ಕೈ ಚಾಚಿದ. ಕೌಕೊ ಆ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ.

ಮರುದಿನ ಅಣ್ಣ ತಂಗಿ ಇಬ್ಬರೂ ಶೆಡ್ಡಿಗೆ ಬಂದರು. ಕೌಕೊ ಬಟ್ಟೆ ಸರಿಸಿ ಚಪ್ಪಟೆ ತಲೆಯ ಪಿಸ್ಟನ್ನುಗಳನ್ನು ನನ್ನ ಕಡೆ ತಳ್ಳಿದ.

"ಇದನ್ನೇ ಹಾಕು. ರಾಡು, ಬೇರಿಂಗು, ವಾಲ್ವಿನ ಸ್ಪ್ರಿಂಗು, ಎಲ್ಲ ನೀನು ಹೇಳಿದ್ದೇ ಆಗ್ಲಿ. ಕ್ಯಾಮ್ ಶಾಫ್ಟ್ ಮಾತ್ರ ಹಳೇದು. ಅದ್ರ ಗಂಟಲು ನಂಗೆ ಕೇಳ್ಬೇಕು."

"ನಿಧಾನಕ್ಕೆ ಹೋದ್ರೆ ಕೆಮ್ಮುತ್ತೆ."

"ನಿಧಾನಕ್ಕೆ ಹೋಗೋರು ಯಾರು?" ಅಂದಳು ಔಲಿಕ್ಕಿ.

ಹಳೆಯ ಕ್ಯಾಮ್ ಶಾಫ್ಟನ್ನು ಅಳೆದು ನೋಡಿದೆ. ಎಲ್ಲೂ ಸವೆದಿರಲಿಲ್ಲ. ಮೂರನೇ ರಾಡು ಕೂರುವ ಕ್ರ್ಯಾಂಕಿನ ಕತ್ತಿನಲ್ಲಿ ಗೀರು ಬಿದ್ದಿತ್ತು. ಕಾಲು ಮಿಲಿಮೀಟರ್ ಸಾಣೆ ಹಿಡಿಸಿ, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ತರಿಸಿದೆ. ಹೊಸ ಬೋಲ್ಟುಗಳ ಪೊಟ್ಟಣವನ್ನು ಅವರೆದುರೇ ಒಡೆದೆ. ನಾನು ಬಿಗಿಯುತ್ತ ಹೋದೆ, ಕೌಕೊ ಅಳೆಯುತ್ತ ಬಂದ. ಹೆಚ್ಚು ಮಾತಿರಲಿಲ್ಲ. ಹಳೆಯ ಕಾಲದಲ್ಲೂ ಕೆಲಸ ಹೀಗೇ ನಡೆಯುತ್ತಿತ್ತು.

ಜೂನ್ ಹೊತ್ತಿಗೆ ಇಂಜಿನ್ ಪಳಗಿತು. ಒಂದು ಭಾನುವಾರ, ಸಂಚಾರಕ್ಕೆ ಮುಚ್ಚಿದ ಕಾಡುದಾರಿಯೊಂದರ ಆರಂಭದಲ್ಲಿ, ಔಲಿಕ್ಕಿ ತನ್ನ ಹೆಲ್ಮೆಟ್ ತೆಗೆದು ನನ್ನ ತಲೆಗೆ ಹಾಕಿದಳು.

"ನೀನು ಕೂತ್ಕೋ. ಇಷ್ಟೆಲ್ಲ ಕಟ್ಟಿದೀಯ, ಒಂದ್ಸಲನೂ ಒಳಗೆ ಕೂತಿಲ್ಲ."

ನಿಜ. ಜೀವನಪೂರ್ತಿ ಆ ಕೂಗನ್ನು ನಾನು ದಾರಿಯ ಪಕ್ಕ ನಿಂತೇ ಕೇಳಿದ್ದೆ. ಐದು ಸಾವಿರ ದಾಟಿ ಇಂಜಿನ್ ಗಂಟಲು ಬಿಚ್ಚಿದಾಗ ನನ್ನ ಎದೆಗೂಡೇ ಅದುರಿತು. ಮುಂದೆ ಒಂದು ದಿಬ್ಬ, ಅದರಾಚೆ ಬರೀ ಆಕಾಶ. ನಾಲ್ಕೂ ಚಕ್ರ ನೆಲ ಬಿಟ್ಟವು.

ಕೆಳಗಿಳಿದು ನಿಂತ ಮೇಲೆ ಕೌಕೊ ನನ್ನ ಕಡೆ ತಿರುಗಿದ. "ಹೆಂಗಿತ್ತು?"

"ನೋಡ್ಲಿಲ್ಲ ಮಾರಾಯ. ಕಣ್ಣು ಮುಚ್ಕೊಂಡಿದ್ದೆ."

ಅವನು ಜೋರಾಗಿ ನಕ್ಕು, ಕಾರನ್ನು ಮತ್ತೆ ದಿಬ್ಬದ ಕಡೆಗೆ ತಿರುಗಿಸಿದ.