ಬುದ್ಧಿವಂತನಿಗೆ ಹೇಳಿದ ಮಾತು

ಜಯರಾಮಪ್ಪ ನಡುಮನೆಯಲ್ಲಿ ನರಸಿಂಹಸ್ವಾಮಿಯ ಪಟದ ಪಕ್ಕದಲ್ಲೇ ಮಗನ ಪ್ರಮಾಣಪತ್ರಕ್ಕೂ ಗಾಜು ಹಾಕಿಸಿ ಮೊಳೆ ಹೊಡೆಸಿದ್ದ. ಮಗ ಚೈತನ್ಯ ಗೌರಿಬಿದನೂರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವನು. ಐಕ್ಯೂ ಪರೀಕ್ಷೆ ಬರೆದು, ಕಣ್ಣು ಕುಕ್ಕುವಷ್ಟು ಅಂಕ ತೆಗೆದು, ಮಹಾ ಬುದ್ಧಿವಂತರ ಕ್ಲಬ್ಬೊಂದರ ಸದಸ್ಯನಾಗಿದ್ದ. ಮನೆಗೆ ಬಂದವರು ನೀರು ಕುಡಿದು ಲೋಟ ಕೆಳಗಿಡುವುದರೊಳಗೆ ಜಯರಾಮಪ್ಪ ಅದನ್ನು ತೋರಿಸಿಬಿಡುತ್ತಿದ್ದ. ಅದೇ ಉಸಿರಿನಲ್ಲಿ, ಗಣಿತದಲ್ಲಿ ಫೇಲಾಗಿ ಓದು ಬಿಟ್ಟ ಮಗಳು ಧನುಶ್ರೀಯ ಕಡೆ ಕೈ ತೋರಿಸಿ, "ಇವಳು ಸ್ವಲ್ಪ ಮಂದ" ಎನ್ನುತ್ತಿದ್ದ. ಪಕ್ಕದಲ್ಲೇ ನಿಂತ ಹುಡುಗಿಗೆ ಕಿವಿ ಇದೆ ಎನ್ನುವುದು ಆ ಮಹಾರಾಯನಿಗೆ ಹೊಳೆಯುತ್ತಲೇ ಇರಲಿಲ್ಲ.

ಆ ಮಂದ ಹುಡುಗಿ ಹಠ ಹಿಡಿದು, ಈ ಸಲದ ರೇಷ್ಮೆ ಬೆಳೆಯನ್ನು ತನಗೇ ಬಿಡಿ ಎಂದಿದ್ದಳು. ಬೆಳೆ ಗೆದ್ದರೆ ಹುಳುಮನೆ ಅವಳದು, ಸೋತರೆ ಕುಡುಮಲಕುಂಟೆಯ ಫ್ಯಾಕ್ಟರಿ ಕೆಲಸ ಎಂದು ಅಪ್ಪ ಹೇಳಿಯಾಗಿತ್ತು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎಡೆಬಿಡದೆ ಸೊಪ್ಪು ಮೇಯುತ್ತಿದ್ದವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕು ಎನ್ನುವಾಗ, ಒಂದು ಬೆಳಿಗ್ಗೆ ಅಷ್ಟೂ ಹುಳು ಹಸಿರು ಕಕ್ಕಿಕೊಂಡು ಮುರುಟಿ ಬಿದ್ದಿದ್ದವು.

ಔಷಧಿ ಬಿದ್ದ ಸೊಪ್ಪು ತಿಂದಿವೆ ಎನ್ನುವುದು ನೋಡಿದರೇ ಗೊತ್ತಾಗುತ್ತಿತ್ತು. ಪಕ್ಕದ ಜಮೀನಿನ ನಲ್ಲಪ್ಪ ಟೊಮೊಟೊಗೆ ಔಷಧಿ ಹೊಡೆದಿದ್ದ. ಔಷಧಿ ಹೊಡೆಯುವವರು ಹಿಪ್ಪುನೇರಳೆ ತೋಟದವರಿಗೆ ಮೊದಲೇ ಒಂದು ಮಾತು ಹೇಳುವುದು ಆ ಕಡೆಯ ಕಟ್ಟುಪಾಡು. ಜಯರಾಮಪ್ಪ ಹಾರಾಡಿಕೊಂಡು ಹೋದರೆ ನಲ್ಲಪ್ಪನೂ ತಿರುಗಿಬಿದ್ದ: "ನಿಮ್ಮನೇಲಿ ಹೇಳಿದೀನಿ ಕಣಯ್ಯಾ! ಅಂಚಿನ ಸಾಲಿನ ಸೊಪ್ಪು ಕುಯ್ಬೇಡಿ ಅಂತ ಹೇಳಿದೀನಿ. ಹೋಗಿ ಕೇಳ್ಕೋ ಹೋಗು!"

ಜಯರಾಮಪ್ಪ ನೆಟ್ಟಗೆ ಮಗಳ ಮುಂದೆ ಬಂದು ನಿಂತ.

"ನಂಗೆ ಯಾರೂ ಹೇಳ್ಲಿಲ್ಲಪ್ಪ, ದೇವ್ರಾಣೆಗೂ."

"ಹೇಳಿರ್ತಾನೆ, ನೀನು ಮರ್ತಿರ್ತೀಯ. ನಿನ್ ತಲೇಲಿ ಏನು ನಿಲ್ಲುತ್ತೆ?" ಎಂದವನು ಮಗನ ಕಡೆ ತಿರುಗಿದ. "ನೀನೇ ಹೇಳಪ್ಪ ಚೈತನ್ಯ, ಇಂಥೋಳನ್ನ ಏನ್ ಮಾಡಣ?"

ನಲ್ಲಪ್ಪ ಹೇಳಿದ್ದು ಚೈತನ್ಯನಿಗೇ. ಭಾನುವಾರ ಜಗಲಿಯ ಮೇಲೆ ಕೂತು ಕ್ಲಬ್ಬಿನವರು ಫೋನಿಗೆ ಕಳಿಸಿದ ಒಗಟೊಂದನ್ನು ಬಿಡಿಸುತ್ತಿದ್ದಾಗ ನಲ್ಲಪ್ಪ ಬೀದಿಯಲ್ಲೇ ನಿಂತು ಹೇಳಿದ್ದ. ತಲೆ ಎತ್ತದೆ, "ಹ್ಞೂಂ, ಹೇಳ್ತೀನಿ" ಎಂದಿದ್ದ ಬುದ್ಧಿವಂತ. ಒಗಟು ಬಿಡಿಸಿದ್ದಕ್ಕೆ ಎಲ್ಲರೂ ಶಹಬ್ಬಾಸ್ ಎಂದಿದ್ದರು. ಮಾತು ಮಾತ್ರ ಮನೆಯೊಳಗೆ ಬರಲೇ ಇಲ್ಲ.

"ನೋಡಣ ಬಿಡಪ್ಪ" ಎಂದಷ್ಟೇ ಹೇಳಿ ಬೈಕು ಹತ್ತಿದ. ದಾರಿಯುದ್ದಕ್ಕೂ ತನ್ನ ಬಗ್ಗೆ ತನಗೇ ಛೀ ಎನ್ನಿಸಿತು.

ಧನುಶ್ರೀ ಸತ್ತ ಹುಳುಗಳನ್ನೆಲ್ಲ ಮಕ್ಕರಿಗೆ ತುಂಬಿ, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದಳು. ಅತ್ತಿದ್ದಾಳೆ ಎನ್ನುವುದು ಮುಖ ನೋಡಿದರೆ ತಿಳಿಯುತ್ತಿತ್ತು; ಚೈತನ್ಯ ಮುಖ ನೋಡುವುದನ್ನೇ ಬಿಟ್ಟ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವಾರ ಕಳೆಯಿತು. ಅವಳು ಫ್ಯಾಕ್ಟರಿಗೆ ಹೋಗುವುದು ಸೋಮವಾರದಿಂದ ಎಂದು ಗೊತ್ತಾದ ಮೇಲೆ ತಡೆಯಲಾಗಲಿಲ್ಲ. ರಜೆಯಿದ್ದ ದಿನ ಮಧ್ಯಾಹ್ನದ ಊಟದಲ್ಲಿ ಬಾಯಿ ಬಿಟ್ಟ.

"ಅಪ್ಪ, ನಲ್ಲಪ್ಪ ನಂಗೆ ಹೇಳಿದ್ದು. ನಾನೇ ಮರ್ತೆ."

ಜಯರಾಮಪ್ಪ ಹೆಂಡತಿಯ ಕಡೆ ತಿರುಗಿ ನಕ್ಕುಬಿಟ್ಟ. "ನೋಡೇ, ತಂಗೀನ ಉಳಿಸ್ಕೊಳ್ಳಕ್ಕೆ ತಾನೇ ಮೈಮೇಲೆ ಹಾಕ್ಕೊತಾನೆ!" ಅಮ್ಮ ಲಕ್ಷ್ಮೀನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟು ಹೇಳಿದರೂ ಇಬ್ಬರೂ ನಂಬಲಿಲ್ಲ. ಅಂಥ ತಲೆ ಮರೆಯುವುದುಂಟೆ!

ಚೈತನ್ಯ ಎಂಜಲು ಕೈಯಲ್ಲೇ ಹಿತ್ತಲಿಗೆ ಬಂದ. ಧನುಶ್ರೀ ಹುಳು ಮೇಯಿಸುವ ಖಾಲಿ ಸ್ಟ್ಯಾಂಡುಗಳನ್ನು ತೊಳೆಯುತ್ತಿದ್ದಳು.

"ಅವರು ನಂಬ್ತಿಲ್ಲ ಕಣೇ. ನೀನಾದ್ರೂ ನಂಬು, ನಂಗೇ ಹೇಳಿದ್ದು."

"ಗೊತ್ತು" ಎಂದಳು ಅವಳು. "ಆ ಭಾನುವಾರ ಅಪ್ಪ ಚಿಂತಾಮಣಿ ಸಂತೆಗೆ ಹೋಗಿತ್ತು. ಅಮ್ಮ ಕೈವಾರಕ್ಕೆ ಹೋಗಿತ್ತು. ನಂಗೆ ಹೇಳ್ಲಿಲ್ಲ. ಇನ್ಯಾರು ಉಳಿದ್ರು?"

"ಮತ್ತೆ ಯಾಕೆ ಸುಮ್ನಿದ್ದೆ?"

"ನಾನು ಹೇಳಿದ್ರೆ ಯಾರು ನಂಬ್ತಾರಣ್ಣ? ನೀನೇ ಹೇಳ್ತೀಯ ಅಂತಿದ್ದೆ."

ಚೈತನ್ಯನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊಲಕ್ಕೆ ಹೋಗಿ, ಬರುವುದಿಲ್ಲ ಎಂದು ಕೊಸರಾಡುತ್ತಿದ್ದ ನಲ್ಲಪ್ಪನನ್ನು ಕೈಹಿಡಿದು ಎಳೆದುಕೊಂಡೇ ಬಂದ. ಅಪ್ಪನ ಮುಂದೆ ನಿಲ್ಲಿಸಿ, ಯಾರಿಗೆ ಹೇಳಿದೆ ಹೇಳು ಎಂದ. ಧನುಶ್ರೀಯೂ ಹಿತ್ತಲಿಂದ ಬಂದಳು.

"ನಿನ್ ಮಗನಿಗೇ ಹೇಳಿದ್ದು" ಎಂದ ನಲ್ಲಪ್ಪ. "ಈ ಹುಡುಗಿ ಅಲ್ಲೇ ತೋಟದಲ್ಲಿ ಸೊಪ್ಪು ಕುಯ್ತಿದ್ಳು. ಇವಳಿಗೆ ಹೇಳಿದ್ರೆ ಮರೀತಾಳೆ, ಮಂದ ಅಂತ ನೀನೇ ಯಾವಾಗ್ಲೂ ಹೇಳ್ತಿರ್ತೀಯಲ್ಲಪ್ಪ, ಅದಕ್ಕೇ ಬುದ್ಧಿವಂತನಿಗೆ ಹೇಳಣ ಅಂತ ಊರೊಳಕ್ಕೆ ನಡ್ಕೊಂಡು ಬಂದೆ."

ಜಯರಾಮಪ್ಪನ ಮುಖ ಚಿಕ್ಕದಾಯಿತು. "ಸೋಮವಾರ ಹೋಗ್ಬೇಡ ಬಿಡಮ್ಮ. ಮುಂದಿನ ಬೆಳೆ ನೀನೇ ಮಾಡು" ಎಂದ.

ಚೈತನ್ಯ ಆಸೆಯಿಂದ ತಂಗಿಯ ಕಡೆ ನೋಡಿದ. ಅವಳು ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು.

"ಇಲ್ಲಪ್ಪ, ಹೋಗ್ತೀನಿ" ಎಂದಳು. "ಅಲ್ಲಿ ನಾನು ಮಂದ ಅಂತ ಯಾರಿಗೂ ಗೊತ್ತಿಲ್ಲ."