ತಿದ್ದದೆ ಬಿಟ್ಟ ಕೊನೆಯ ಪುಟ

“ಇನ್ನು ಪತ್ರಿಕೆ ಇಲ್ಲ. ಈ ಸಲಕ್ಕೇ ಮುಗಿಯಿತು,” ಎಂದು ಹಲಿನಾ ಅಜ್ಜಿ ಸಾರಿದಾಗ ನಾನು ಅವರ ಬಿಪಿ ನೋಡುತ್ತಿದ್ದೆ. ಬಿಪಿ ಸರಿಯಾಗಿಯೇ ಇತ್ತು. ಅದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು. ಏರಿದ್ದರೆ ಮಾತ್ರೆಯಾದರೂ ಕೊಡಬಹುದಿತ್ತು.

ಅಜ್ಜಿ ಪೋಲೆಂಡಿನವರು, ಎಂಬತ್ತೆಂಟು ವರ್ಷ. ವಾರ್ಸಾದ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಕುವೈತ್‌ನ ಶಾಲೆಯೊಂದರಲ್ಲಿ ಪಾಠ ಮಾಡುವ ಮಗಳು ಎವಾ ಅವರನ್ನು ಮೈದಾನ್ ಹವಲ್ಲಿಯ ತನ್ನ ಫ್ಲ್ಯಾಟಿಗೆ ಕರೆತಂದಿದ್ದಳು. ನಾನು ಕ್ಲಾರಾ, ಕಿನ್ನಿಗೋಳಿಯವಳು. ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟ ಮೇಲೆ ಹಗಲೆಲ್ಲ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ಸಂಜೆ ಖೈತಾನಿನ ನಮ್ಮ ಮನೆಗೆ ಹೋಗಿ ಗಂಡ ಕ್ಲೆಮೆಂಟನ್ನು ನೋಡಿಕೊಳ್ಳುತ್ತೇನೆ. ಇಬ್ಬರಲ್ಲಿ ಹಠ ಯಾರಿಗೆ ಹೆಚ್ಚು ಎಂದು ಮಾತ್ರ ಕೇಳಬೇಡಿ.

ಪತ್ರಿಕೆಯ ಹೆಸರು ‘ಫೆನೆಸ್ಟ್ರೊ’, ಅಂದರೆ ಕಿಟಕಿ. ಭಾಷೆ ಎಸ್ಪೆರಾಂಟೊ. ಯಾವ ದೇಶದ್ದೂ ಅಲ್ಲದ, ಹಾಗಾಗಿ ಎಲ್ಲರೂ ಸಮನಾಗಿ ಕಷ್ಟಪಟ್ಟು ಕಲಿಯುವ ಭಾಷೆಯೊಂದಿರಲಿ ಎಂದು ಪೋಲೆಂಡಿನ ಕಣ್ಣಿನ ಡಾಕ್ಟರೊಬ್ಬರು ನೂರು ವರ್ಷಕ್ಕೂ ಹಿಂದೆ ಕೂತು ಕಟ್ಟಿದ್ದಂತೆ. ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಾರ್ಡಿನಲ್ಲಿ ಇಂಗ್ಲಿಷ್, ಇಲ್ಲಿಗೆ ಬಂದ ಮೇಲೆ ಅರಬಿ ಮತ್ತು ಹಿಂದಿ. ಭಾಷೆಗೇನು ಬರಗಾಲವೇ?

ಆದರೆ ಅಜ್ಜಿ ನಲವತ್ತು ವರ್ಷಗಳಿಂದ ಒಬ್ಬರೇ ಆ ಪತ್ರಿಕೆಯನ್ನು ಸಂಪಾದಿಸಿದ್ದಾರೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕೊನೆಯ ಪುಟ ಯಾವಾಗಲೂ ಆ ಭಾಷೆಯಲ್ಲಿ ಮೊದಲ ಸಲ ಬರೆಯುವವರಿಗೆ. ಅದರಲ್ಲಿ ಎಷ್ಟೇ ತಪ್ಪಿದ್ದರೂ ಸಂಪಾದಕರು ಮುಟ್ಟುವಂತಿಲ್ಲ, ಇದ್ದದ್ದು ಇದ್ದ ಹಾಗೆ ಅಚ್ಚಾಗಬೇಕು. ಈ ಸಲ ಬರೆಯುತ್ತೇನೆಂದಿದ್ದ ಹುಡುಗಿ ಕೈಕೊಟ್ಟಿದ್ದಳು. ಬೇರೆ ಹೊಸಬರು ಯಾರೂ ಸಿಕ್ಕಿರಲಿಲ್ಲ.

“ತಪ್ಪು ಮಾಡುವವರೇ ಇಲ್ಲದ ಭಾಷೆ ಸತ್ತ ಹಾಗೆ. ಸತ್ತದ್ದಕ್ಕೆ ಪತ್ರಿಕೆ ಯಾಕೆ?” ಅಂದರು.

ಅವರು ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಆ ಪತ್ರಿಕೆಗಾಗಿ. ಏಳಲು ಕಾರಣವಿಲ್ಲದ ರೋಗಿ ಎಷ್ಟು ಬೇಗ ಗೋಡೆಯ ಕಡೆ ಮುಖ ತಿರುಗಿಸುತ್ತಾನೆ ಎಂಬುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಅಜ್ಜಿಗೆ ಹಾಗಾಗಬಾರದು. ಬಿಪಿ ಯಂತ್ರದ ಪಟ್ಟಿಯನ್ನು ಕಿತ್ತು ತೆಗೆದೆ.

“ಹಾಗಾದ್ರೆ ನಾನೇ ಬರೀತೇನೆ!”

“ನಿನಗೆ ಒಂದು ಶಬ್ದವೂ ಬರುವುದಿಲ್ಲ.”

“ಮತ್ತೆ ಹೊಸಬರು ಅಂದ್ರೆ ಎಂತ ಅಜ್ಜಿ?”

ಅವರ ಮುಖ ಅರಳಿತು. “ಲವಕರ್! ಲವಕರ್!” ಎಂದು ಚಪ್ಪಾಳೆ ತಟ್ಟಿದರು. ಅದು ಮರಾಠಿ, ಬೇಗ ಬೇಗ ಎಂದರ್ಥ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಸಾವಿರಾರು ನಿರಾಶ್ರಿತರಿಗೆ ಕೊಲ್ಹಾಪುರದ ಹತ್ತಿರ ಒಂದು ಶಿಬಿರವಿತ್ತು. ಅಜ್ಜಿ ಬೆಳೆದದ್ದು ಅಲ್ಲಿ. ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೂ ಅವಸರವಾದರೆ ಅವರ ಬಾಯಿಗೆ ಬರುವುದು ಕೊಲ್ಹಾಪುರವೇ.

ಪಾಠ ಶುರುವಾಯಿತು. ಅಭ್ಯಾಸದ ಹಾಳೆಗಳನ್ನು ಕೆಳಗಿನ ಬಾವಾಕುಂಞಿಯವರ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಿದ್ದೆ. ಪತ್ರಿಕೆಯ ಕಾಗದದ ಪ್ರತಿಗಳೂ ಅವರದೇ ಯಂತ್ರದಲ್ಲಿ ಆಗುತ್ತಿದ್ದವು. ಉಪ್ಪಿನಂಗಡಿಯ ಬ್ಯಾರಿ, ಬಾಯಿಗೆ ಬಿಡುವಿಲ್ಲದ ಮನುಷ್ಯ.

“ಎಂತ ಕ್ಲಾರಕ್ಕ, ಈ ಪ್ರಾಯದಲ್ಲಿ ಪರೀಕ್ಷೆಯಾ? ಪಾಸಾದ್ರೆ ಯಾವ ದೇಶಕ್ಕೆ ವೀಸಾ ಕೊಡ್ತಾರೆ?”

“ಎಲ್ಲ ದೇಶಕ್ಕೂ ಬಾವಾಕ. ನೀವು ಸುಮ್ನೆ ಪ್ರಿಂಟ್ ತೆಗೀರಿ.”

ಏನು ಬರೆಯಬೇಕೆಂದು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಸೆಪ್ಟೆಂಬರ್ ಹತ್ತಿರ ಬರುತ್ತಿತ್ತು, ಮೊಂತಿ ಫೆಸ್ತ್ ತಲೆಯಲ್ಲಿತ್ತು. ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸುತ್ತಾರೆ. ಮನೆಗೆ ತಂದು ಕಾಳು ಸುಲಿದು, ಪುಡಿ ಮಾಡಿ ತೆಂಗಿನ ಹಾಲಿಗೆ ಬೆರೆಸಿದ ಮೇಲೆ ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ದೂರದಲ್ಲಿರುವವರ ಪಾಲು ಲಕೋಟೆಯಲ್ಲಿ ಹೋಗುತ್ತದೆ. ನಾದಿನಿ ಶರ್ಲಿನ್ ಈಗಲೂ ನಮಗೆ ತಪ್ಪದೆ ಕಳಿಸುತ್ತಾಳೆ. ಇದನ್ನೆಲ್ಲ ಮುಗ್ಗರಿಸುತ್ತ ಬರೆದೆ.

ಮುಗಿಸುವುದು ಹೇಗೆಂದು ತಿಳಿಯಲಿಲ್ಲ. ನಮ್ಮಲ್ಲಿ ಊಟದ ವಿಷಯ ಎತ್ತಿದವರು ‘ನೀವೂ ಬನ್ನಿ’ ಅನ್ನದೆ ಮಾತು ಮುಗಿಸಿದರೆ ಮರ್ಯಾದೆಯಲ್ಲ. ಹಾಗಾಗಿ ಬರೆದೆ: ‘ನೀವೆಲ್ಲರೂ ನಮ್ಮ ಮನೆಯವರೇ. ಹಬ್ಬಕ್ಕೆ ಖಂಡಿತ ಬನ್ನಿ. ಬರಲಾಗದಿದ್ದರೆ ನಿಮ್ಮ ಹೊಲದ ನಾಲ್ಕು ಕಾಳು ಕಳಿಸಿ, ನಮ್ಮ ಹಾಲಿಗೆ ಬೆರೆಸುತ್ತೇವೆ.’ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರನ್ನೂ ನಾವು ಊಟಕ್ಕೆ ಕರೆಯುವುದಿಲ್ಲವೇ? ಯಾರು ಬರುತ್ತಾರೆ?

ಅಜ್ಜಿ ಭೂತಗನ್ನಡಿ ಹಿಡಿದು ಓದಿದರು. ಓದಿ ಮುಗಿದ ಮೇಲೂ ಭೂತಗನ್ನಡಿ ಕೆಳಗಿಡಲಿಲ್ಲ.

“ನನ್ನ ಅಮ್ಮನನ್ನು ತೆನೆಗಾಗಿ ಹಿಡಿದುಕೊಂಡು ಹೋದರು,” ಅಂದರು.

ಅಜ್ಜಿ ಪುಟ್ಟ ಮಗುವಾಗಿದ್ದಾಗ ಸೋವಿಯತ್ ಸೈನಿಕರು ಅವರ ಮನೆಯವರನ್ನೆಲ್ಲ ರೈಲಿಗೆ ತುಂಬಿ ಕಝಾಕಿಸ್ತಾನದ ಸರಕಾರಿ ಹೊಲಗಳಿಗೆ ಕಳಿಸಿದ್ದರು. ಕೊಯ್ಲಾದ ಮೇಲೆ ಉದುರಿ ಬಿದ್ದ ಗೋಧಿಯ ತೆನೆ ಹೆಕ್ಕುವುದೂ ಅಲ್ಲಿ ಕಳ್ಳತನ. ಮಗಳಿಗೆಂದು ಅಮ್ಮ ಕೋಟಿನ ಜೇಬಿನಲ್ಲಿ ಅಡಗಿಸಿಕೊಂಡು ಬಂದಿದ್ದರು. ಹೋದವರು ಮತ್ತೆ ಬರಲಿಲ್ಲ. ಮಗುವನ್ನು ಚಿಕ್ಕಮ್ಮ ಇರಾನಿನ ದಾರಿಯಾಗಿ ಕೊಲ್ಹಾಪುರಕ್ಕೆ ತಲುಪಿಸಿದ್ದಳು.

“ತೆನೆಗೆ ಪೂಜೆ ಮಾಡಿಸಿ ಅಂಚೆಯಲ್ಲಿ ಕಳಿಸುವ ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ ಕ್ಲಾರಾ.” ಕಣ್ಣೊರೆಸಿಕೊಂಡರು. “ಈ ಸಲ ಮೊದಲ ಪುಟಕ್ಕೆ ನಾನು ಬೇರೆಯದೇ ಬರೆಯುತ್ತೇನೆ.”

ಅಲ್ಲಿಯವರೆಗೆ ಯಾರಿಗೂ ಹೇಳದ ಅಮ್ಮನ ಕತೆ ಮೊದಲ ಪುಟದಲ್ಲಿ, ನನ್ನ ತೆನೆಹಬ್ಬ ಕೊನೆಯ ಪುಟದಲ್ಲಿ, ಕೆಳಗೆ ಬಾವಾಕುಂಞಿಯವರ ಅಂಗಡಿಯ ಅಂಚೆಪೆಟ್ಟಿಗೆಯ ವಿಳಾಸ. ಪತ್ರಿಕೆ ಇಮೇಲ್‌ನಲ್ಲಿಯೂ ಅಂಚೆಯಲ್ಲಿಯೂ ಹೊರಟುಹೋಯಿತು.

ವಾರ ಕಳೆಯುವಷ್ಟರಲ್ಲಿ ಉತ್ತರಗಳು ಬಂದವು. ಹಂಗೇರಿಯ ಗಂಡ ಹೆಂಡತಿ ಟಿಕೆಟ್ ತೆಗೆದಾಗಿತ್ತು. ಬ್ರೆಜಿಲ್‌ನವನೊಬ್ಬ, ಮಲಗಲು ನೆಲ ಸಾಕು ಎಂದಿದ್ದ. ಜಪಾನಿನ ಹೆಂಗಸು, ಹಬ್ಬಕ್ಕೆ ಯಾವ ಬಣ್ಣದ ಬಟ್ಟೆ ಉಡಬೇಕೆಂದು ಕೇಳಿದ್ದಳು. ಎಲ್ಲವನ್ನೂ ಕ್ಲೆಮೆಂಟಿಗೆ ಓದಿ ಹೇಳಿದೆ.

“ಎರಡು ಕೋಣೆಯ ಮನೆಗೆ ಇಡೀ ಪ್ರಪಂಚವನ್ನು ಕರ್ದಿದ್ದೀಯಲ್ಲ ಮಾರಾಯ್ತಿ,” ಅಂದ ಕ್ಲೆಮೆಂಟ್. “ಪಾತ್ರೆ ತೊಳೆಯೋದು ಯಾರು?”

ಅಜ್ಜಿಯ ಮುಂದೆ ಹೋಗಿ ಕೂಗಾಡಿದೆ. ಅವರು ನಕ್ಕೂ ನಕ್ಕೂ ಕೆಮ್ಮಿದರು. ಈ ಭಾಷೆಯವರಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಉಳಿಯುವುದು ಹಳೆಯ ಪದ್ಧತಿಯಂತೆ. ಕರೆದರೆ ಬರುವ ಜನ.

“ನಿಮಗೆ ಗೊತ್ತಿತ್ತಲ್ಲ! ಆ ಸಾಲು ತೆಗೀಬಹುದಿತ್ತಲ್ಲ!”

“ಕೊನೆಯ ಪುಟವನ್ನು ತಿದ್ದುವುದಿಲ್ಲ,” ಅಂದರು, ಬಲು ಗಂಭೀರವಾಗಿ.

ನನ್ನ ಪುಣ್ಯಕ್ಕೆ ಕೊನೆಗೆ ನಿಜವಾಗಿ ಬಂದವರು ಹಂಗೇರಿಯವರಿಬ್ಬರೇ. ಉಳಿದವರು ಕಾಳು ಕಳಿಸಿದರು. ಕುವೈತ್‌ನಲ್ಲಿ ಹೇಗೂ ನಮ್ಮ ಹಬ್ಬಗಳೆಲ್ಲ ರಜೆಯ ದಿನವಾದ ಶುಕ್ರವಾರಕ್ಕೆ ಜರುಗುತ್ತವೆ. ಈ ಹಬ್ಬ ಮಾತ್ರ ಲಕೋಟೆಗಳಿಗಾಗಿ ಕಾದು ಶುಕ್ರವಾರದಿಂದ ಶುಕ್ರವಾರಕ್ಕೆ ಜರುಗುತ್ತ ಅಕ್ಟೋಬರ್‌ವರೆಗೂ ಬಂತು. ಹಂಗೇರಿಯವರೂ ಟಿಕೆಟಿನ ತಾರೀಕು ಮುಂದೆ ಹಾಕಿಸಿಕೊಂಡರು. ಬಾವಾಕುಂಞಿ ಒಂದೊಂದೇ ಲಕೋಟೆ ತಂದುಕೊಟ್ಟು ವರದಿ ಒಪ್ಪಿಸುತ್ತಿದ್ದರು.

“ಪೋಸ್ಟಾಫೀಸಿನವ ಇವತ್ತು ಎಲ್ಲ ಮೇಜಿನ ಮೇಲೆ ಸುರಿಸಿ, ‘ಕೋಳಿ ಸಾಕ್ತೀಯಾ?’ ಅಂತ ಕೇಳಿದ. ‘ಇಲ್ಲ ಭಾಯಿ, ನಮ್ಮ ಕ್ಲಾರಕ್ಕನ ಹೊಸ ಸಂಬಂಧಿಕರು’ ಅಂದೆ.”

ಹಬ್ಬದ ಮಧ್ಯಾಹ್ನ ಅಜ್ಜಿಯ ಫ್ಲ್ಯಾಟಿನಲ್ಲಿ ಬಾಳೆಲೆ ಹಾಸಿದೆವು. ಕೆಸುವಿನ ದಂಟು, ಹಾಗಲಕಾಯಿ, ಬೆಂಡೆ, ಪಾಯಸ. ಅಂದು ಮೀನು ಮಾಂಸ ಇಲ್ಲ. ಹಂಗೇರಿಯವರು ಎಲೆಯನ್ನೇ ತಿನ್ನಬೇಕೋ ಏನೋ ಎಂದು ನೋಡುತ್ತಿದ್ದರು. ಅವರು ತಂದ ಗೋಧಿಯಂಥ ರೈ ಕಾಳು, ಬ್ರೆಜಿಲ್‌ನ ಮೆಕ್ಕೆಜೋಳ, ಜಪಾನಿನ ಅಕ್ಕಿ, ಶರ್ಲಿನ್ ಕಳಿಸಿದ ಕಿನ್ನಿಗೋಳಿಯ ಭತ್ತ, ಎಲ್ಲದರಿಂದಲೂ ಚೂರುಚೂರು ಮಿಕ್ಸಿಗೆ ಹಾಕಿ, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿದ್ದೆ. ಮನೆಯ ಹಿರಿಯರು ಕೊಡಬೇಕು. ಪಾತ್ರೆಯನ್ನು ಅಜ್ಜಿಯ ಕೈಗಿಟ್ಟೆ.

ಎಲ್ಲರಿಗೂ ಕೊಟ್ಟು, ಎವಾಗೆ ಒಂದು ಚಮಚ ಹೆಚ್ಚೇ ಕೊಟ್ಟರು. ನನಗೆ ಮಾತ್ರ ಖುಷಿಯೊಳಗೇ ಒಂದು ಮುಳ್ಳು. ಹೊಸಬರ ಬರಹ ಇನ್ನೂ ಒಂದೂ ಬಂದಿರಲಿಲ್ಲ. ಕಳಿಸಿದವರೆಲ್ಲ ಹಳಬರು. ಹೊಸಬರಿಲ್ಲದೆ ಮುಂದಿನ ಸಂಚಿಕೆ ಇಲ್ಲ.

ಊಟ ಅರ್ಧವಾಗಿತ್ತು. ಬಾವಾಕುಂಞಿ ಏದುಸಿರು ಬಿಡುತ್ತ ಬಂದರು. “ಇನ್ನೊಂದು ಉಂಟು! ನಿನ್ನೆಯೇ ಬಂದದ್ದಂತೆ, ನನ್ನ ಹುಡುಗರು ಪೇಪರಿನ ಅಡಿಯಲ್ಲಿ ಇಟ್ಟಿದ್ರು.” ಅಂಚೆಚೀಟಿ ಕಝಾಕಿಸ್ತಾನದ್ದು.

ಒಳಗೆ ಸ್ವಲ್ಪ ಜಜ್ಜಿಹೋದ, ಆದರೆ ಇಡಿಯಾದ ಒಂದು ಗೋಧಿಯ ತೆನೆ. ಜೊತೆಗೆ ದಪ್ಪಕ್ಷರದಲ್ಲಿ ತುಂಬಿದ ಹಾಳೆ. ಎವಾ ಗಟ್ಟಿಯಾಗಿ ಓದಿದಳು. ತಪ್ಪುಗಳು ನನಗೂ ಗೊತ್ತಾಗುವಷ್ಟಿದ್ದವು.

‘ನಾನು ಇಲ್ಲಿನ ಶಾಲೆಯಲ್ಲಿ ಅಡುಗೆ ಮಾಡುವವಳು. ಈ ಭಾಷೆಯಲ್ಲಿ ಬರೆಯುವುದು ಇದೇ ಮೊದಲು. ನಿಮ್ಮ ಅಮ್ಮನ ಕತೆ ಓದಿದೆ. ಈ ತೆನೆ ನನ್ನ ಹೊಲದ್ದು, ನಾನೇ ಕೊಯ್ದದ್ದು. ಅಡಗಿಸಬೇಡಿ. ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಳ್ಳಿ.’

ಅಜ್ಜಿ ತೆನೆಯನ್ನು ಕೈಗೆತ್ತಿಕೊಂಡರು. ಕೈ ತಾನಾಗಿಯೇ ಗೌನಿನ ಜೇಬಿನ ಕಡೆ ಹೋಗಿ ಅಲ್ಲೇ ನಿಂತಿತು. ಆಮೇಲೆ ನನಗೆ ಕಿಟಕಿಯ ಪರದೆ ಸರಿಸಲು ಹೇಳಿ, ತೆನೆಯನ್ನು ಮೇಜಿನ ನಡುವೆ, ಬಿಸಿಲು ಬೀಳುವಲ್ಲಿ ಇಟ್ಟರು. ಒಂದೇ ಒಂದು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡರು. ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದರು. “ಮಾಮಾ,” ಅಂದರು. ಅವರ ಭಾಷೆಯಲ್ಲಿ ಅಮ್ಮ ಎಂದರ್ಥ. ಎವಾ ಅತ್ತಳು, ನಾನು ಅತ್ತೆ, ಬಾವಾಕುಂಞಿ ಮೂಗೊರೆಸಿಕೊಂಡು ಎಸಿಯನ್ನು ಬೈದರು.

ಅಜ್ಜಿ ಮಾತ್ರ ಅಳಲಿಲ್ಲ. ಹಾಳೆಯನ್ನು ನನ್ನ ಕಡೆ ತಳ್ಳಿದರು.

“ಕಂಪ್ಯೂಟರ್ ತೆಗೆ ಕ್ಲಾರಾ. ಕೊನೆಯ ಪುಟ ಬಂತು.”

“ಊಟ ಆಗ್ಲಿ ಅಜ್ಜಿ, ಪಾಯಸ ಉಂಟು.”

“ಲವಕರ್!”

ಹಬ್ಬದ ದಿನ ಅರ್ಧ ಊಟದಲ್ಲಿ ಎಲೆ ಬಿಟ್ಟು ಏಳಬಾರದು. ಆದರೂ ಎದ್ದು ಕೈ ತೊಳೆದುಕೊಂಡೇಬಿಟ್ಟೆ.