ಚಿತ್ರವಿಲ್ಲದ ಉತ್ತರ

“ಮೇಡಂ, ಮಣ್ಣು ಕೊಡ್ರಿ. ಎಲ್ಲಾರ್ದೂ ಆತು,” ಎಂದಳು ಬೋರಣ್ಣನ ಹೆಂಡತಿ ಮಂಜಮ್ಮ.

ಜ್ಯೋತಿಲಕ್ಷ್ಮಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕೈ ಮುಂದಕ್ಕೆ ಹೋಗಲೊಲ್ಲದು. ಚಳ್ಳಕೆರೆಯ ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರದ ಉಪನ್ಯಾಸಕಿ. ಸಿದ್ದಾಪುರದ ಈ ಗುಣಿಯಲ್ಲಿ ಮಲಗಿದ್ದವನು ಅದೇ ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಗಾಜಿನ ಕೊಳವೆ ತೊಳೆದ ಅಟೆಂಡರ್ ಬೋರಣ್ಣ. ಹತ್ತು ದಿನದ ಹಿಂದೆ ಅವನನ್ನು ಬಾಗಿಲಿನಿಂದಲೇ ಸಾಗಹಾಕಿದ್ದಳು. ಅಯ್ಯೋ, ಎಂಥಾ ಪಾಪಿ ನಾನು!

*

ಅಂದು ಬೋರಣ್ಣ ಅವಳ ವಿದ್ಯಾರ್ಥಿ ಓಬಳೇಶನ ಉತ್ತರಪತ್ರಿಕೆ ಹಿಡಿದು ಅವಳ ಮನೆಗೆ ಬಂದಿದ್ದ. ಓಬಳೇಶನಿಗೆ ಹುಟ್ಟಿನಿಂದ ಕಣ್ಣಿಲ್ಲ. ಅಣುವಿನ ಚಿತ್ರ ಅವನ ಪಾಲಿಗೆ ಇದ್ದೂ ಇಲ್ಲ. ಅದನ್ನೇ ಕಂಪ್ಯೂಟರಿಗೂ ತಿಳಿಯುವ ರೀತಿಯಲ್ಲಿ, ಹೈಡ್ರೋಜನ್ ಬಿಟ್ಟು, ಅಕ್ಷರಗಳ ಸಾಲಾಗಿ ಬರೆದರೆ ಫೋನು ಓದಿ ಹೇಳುತ್ತಿತ್ತು. ಬೋರಣ್ಣ ಚಿತ್ರ ನೋಡಿ ಬಾಯಲ್ಲಿ ಹೇಳುವುದು, ಓಬಳೇಶ ಸಾಲು ಕಟ್ಟುವುದು. ಹೀಗೇ ಇಬ್ಬರೂ ಪುಸ್ತಕವನ್ನು ಅರೆದು ಕುಡಿದಿದ್ದರು. ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆದುಕೊಟ್ಟವನೂ ಬೋರಣ್ಣನೇ.

“ಇದು ವಿನೆಗರಿನ ಆಮ್ಲ ರೀ. CC(=O)O. ಸರಿ ಐತೆ. ಸೊನ್ನೆ ಯಾಕೆ ಕೊಟ್ರಿ?”

“ಚಿತ್ರ ಬರಿ ಅಂದ್ರೆ ಏನೇನೋ ಗೀಚಿದ್ರೆ? ಕೊಳವೆ ತೊಳೆಯೋನು ನಂಗೇ ಪಾಠ ಹೇಳ್ತೀಯಾ?”

ಬೋರಣ್ಣ ಪತ್ರಿಕೆಯನ್ನು ಹೊಸ್ತಿಲ ಮೇಲಿಟ್ಟು ಹೋದ. ನಿಜ ಹೇಳಬೇಕೆಂದರೆ, ಆ ಬರಹ ಅವಳಿಗೆ ಓದಲು ಬರುತ್ತಿರಲಿಲ್ಲ. ಬರದು ಎನ್ನಲು ನಾಲಿಗೆ ಏಳಲಿಲ್ಲ, ಅಷ್ಟೆ. ಓಬಳೇಶ ಕಾಲೇಜಿಗೆ ಬರುವುದನ್ನೇ ಬಿಟ್ಟ.

ಇಂದು ಬೆಳಿಗ್ಗೆ ಸಾವಿನ ಸುದ್ದಿ ಕೇಳಿ ಆ ಸಾಲುಗಳನ್ನು ಕಂಪ್ಯೂಟರಿಗೆ ಹಾಕಿದಳು. ಒಂದೊಂದೂ ಚಿತ್ರವಾಗಿ ಎದ್ದು ನಿಂತಿತು. ಒಂದೂ ತಪ್ಪಿರಲಿಲ್ಲ.

*

“ಓಬಳೇಶ, ನಿನ್ನ ಉತ್ತರ ಎಲ್ಲಾ ಸರಿ ಇತ್ತಪ್ಪ,” ಎಂದಳು ಜ್ಯೋತಿಲಕ್ಷ್ಮಿ, ಗುಣಿಯಾಚೆ ನಿಂತಿದ್ದ ಹುಡುಗನಿಗೆ, ನೆರೆದವರಿಗೆಲ್ಲ ಕೇಳುವಂತೆ. “ನಂಗೇ ಓದೋಕೆ ಬರ್ತಿರ್ಲಿಲ್ಲ. ಅದನ್ನ ಮುಚ್ಚಿಟ್ಟು ಬೋರಣ್ಣಂಗೆ ಬೈದೆ.”

ಓಬಳೇಶ ಮುಖ ಎತ್ತಿದ.

“ಗೊತ್ತಿತ್ತು ಬಿಡ್ರಿ. ನಿಮ್ಮನೆಯಿಂದ ಬಂದೋನೇ ಬೋರಣ್ಣ ಅಂದ, ‘ಲೇ, ಮೇಡಂಗೆ ಇದು ಬರಲ್ಲ ಕಣಲೇ. ನಾಕು ಮಂದಿ ಮುಂದೆ ಅನ್ನಬ್ಯಾಡ, ಪಾಪ, ಮರ್ಯಾದೆ ಹೋಗ್ತೈತೆ’ ಅಂತ.”

ಮಂಜಮ್ಮ ಸೆರಗಿನ ಮರೆಯಿಂದ ಒಂದು ನೋಟ್‌ಬುಕ್ ತೆಗೆದಳು. “ನೀವು ಬಂದಿದ್ದು ನೋಡಿ ಇದನ್ನ ತಂದೆ ಕಣಮ್ಮ. ನಮ್ಮ ಯಜಮಾನ ನಿಮಗೇ ಅಂತ ಬರೀತಿದ್ದ. ಯಾರೂ ಇಲ್ದಾಗ ಕೊಡಬೇಕು ಅಂತಿದ್ದ.”

ಬಲಗೈಯಲ್ಲಿ ಮಣ್ಣು ಹಾಗೇ ಇತ್ತು. ಜ್ಯೋತಿಲಕ್ಷ್ಮಿ ಎಡಗೈಯಲ್ಲೇ ತೆರೆದಳು. ಮೊದಲ ಪುಟದಲ್ಲಿ ನೀರಿನ ಅಣುವಿನ ಚಿತ್ರ. ಪಕ್ಕದಲ್ಲಿ ಅದರ ಒಂದೇ ಅಕ್ಷರದ ಬರಹ: O. ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದ, ಮೇಡಂ ಬರೆದು ಕಲಿಯಲಿ ಎಂದು.